ಸೊಂಟ ಹಿಡ್ಕೊಂಡ್ರೆ ಏನ್ ಮಾಡ್ಬೇಕು? ಯಾವಾಗ ನೋವು ಅನ್ನೋದನ್ನ ಮೊದ್ಲು ಗಮನಿಸಿ

ಸೊಂಟ ನೋವು ಅಂದ ತಕ್ಷಣ ಎಂಆರ್‌ಐ ಮಾಡಿಸ್ತಾರೆ, ರಿಪೋರ್ಟಲ್ಲಿ ಡಿಸ್ಕ್ ಬಲ್ಜ್ (ಬೆನ್ನುಮೂಳೆಗಳ ಮಧ್ಯದ ಮೆತ್ತೆ ಉಬ್ಬಿದೆ) ಅಂತ ಬರೆದಿದ್ದೇ ತಡ ಇನ್ನು ಬಗ್ಗಂಗಿಲ್ಲ ಏಳಂಗಿಲ್ಲ ಅಂತ ಹಾಸಿಗೆ ಹಿಡೀತಾರೆ. ಆದ್ರೆ ನೋವೇ ಇಲ್ದೆ ಓಡಾಡ್ಕೊಂಡಿರೋರಿಗೆ ಸ್ಕ್ಯಾನ್ ಮಾಡಿದ್ರೂ ಬಲ್ಜ್ ಕಾಣೋದು ಮಾಮೂಲಿ. ಯಾವಾಗ ಜಾಸ್ತಿ, ಯಾವಾಗ ಕಮ್ಮಿ, ಇದನ್ನ ನೀವೇ ಗಮನಿಸಿ ಹೇಳಿದ್ರೆ ಡಾಕ್ಟ್ರಿಗೆ ಅರ್ಧ ಕೆಲಸ ಆದಂಗೆ.

1. ಮೊದ್ಲು ಅಪಾಯ ಇದ್ಯಾ ನೋಡಿ

ಸೊಂಟ ನೋವಿನ ಜೊತೆ ಮೂತ್ರ ಕಟ್ಕೊಂಡ್ರೆ ಅಥವಾ ಗೊತ್ತಿಲ್ದೆ ಹೋದ್ರೆ, ಕೂತ್ಕೊಳ್ಳೋ ಜಾಗ, ತೊಡೆ ಸಂದಿ ಮರಗಟ್ಟಿದ್ರೆ, ಎರಡೂ ಕಾಲು ಸೋಲ್ತಿದ್ರೆ, ಬೆಳಗ್ಗೆ ನೋಡೋಣ ಅನ್ಬೇಡಿ, ಆ ರಾತ್ರಿನೇ ದೊಡ್ಡಾಸ್ಪತ್ರೆಗೆ ಹೋಗಿ. ಸಂಜೆ ಸಂಜೆ ಜ್ವರ, ತೂಕ ಇಳಿಯೋದು, ಮಲಗಿದ್ರೂ ಬಿಡದ ನೋವು ಇದ್ರೆ ಬೆನ್ನುಮೂಳೆ ಟಿಬಿ ಇರಬಹುದು, ನಮ್ಮಲ್ಲಿ ಇದು ಅಪರೂಪ ಅಲ್ಲ, ಸರ್ಕಾರಿ ಆಸ್ಪತ್ರೆಲಿ ಔಷಧಿ ಫ್ರೀ.

2. ಯಾವ ತರ ನೋವು?

ಕೂತ್ರೆ, ಬಗ್ಗಿದ್ರೆ, ಸೀನಿದ್ರೆ ಜಾಸ್ತಿಯಾಗಿ ಪೃಷ್ಠದಿಂದ ಒಂದೇ ಕಾಲಿಗೆ ಎಳೆದಂಗೆ ಇಳಿದ್ರೆ ಡಿಸ್ಕ್ ನರನ ಒತ್ತುತ್ತಿರಬಹುದು, ಇದನ್ನೇ ಸಯಾಟಿಕಾ ಅನ್ನೋದು. ಸೊಂಟದ 5 ಮೂಳೆಲಿ ಕೊನೇ ಎರಡು ಡಿಸ್ಕೇ ಹೆಚ್ಚಾಗಿ ತೊಂದ್ರೆ ಕೊಡೋದು.

ವಯಸ್ಸಾದೋರಿಗೆ ಇದರ ಉಲ್ಟಾ. ಹಾಲಿನ ಬೂತ್‌ವರೆಗೆ ನಡೆಯೋಷ್ಟರಲ್ಲಿ ಕಾಲು ಭಾರ ಆಗಿ ಎಲ್ಲಾದ್ರೂ ಕಟ್ಟೆ ಮೇಲೆ ಕೂರ್ಬೇಕು, ಕೂತ್ರೆ, ಮುಂದಕ್ಕೆ ಬಾಗಿದ್ರೆ ಸರಿಹೋಗುತ್ತೆ, ಸೈಕಲ್ ಬೇಕಾದ್ರೆ ಆರಾಮಾಗಿ ತುಳೀತಾರೆ. ಬೆನ್ನಲ್ಲಿ ನರ ಹೋಗೋ ದಾರಿ ಕಿರಿದಾಗಿರಬಹುದು, ಇದಕ್ಕೆ ಸ್ಟೆನೋಸಿಸ್ ಅಂತಾರೆ. ಬಾಗದೆ ಸುಮ್ನೆ ನಿಂತ್ರೂ ಕಮ್ಮಿ ಆಗುತ್ತೆ ಅಂದ್ರೆ ಕಾಲಿನ ರಕ್ತನಾಳನೂ ಚೆಕ್ ಮಾಡಿಸಿ.

ನಂಗೆ ತುಂಬಾ ಬೇಜಾರಾಗೋದು ಹುಡುಗ್ರ ವಿಷಯದಲ್ಲಿ. ಇಪ್ಪತ್ತೈದು ವಯಸ್ಸಿಗೆ ಬೆಳಗ್ಗೆ ಎದ್ರೆ ಬೆನ್ನು ಕಟ್ಟಿಗೆ ತರ, ಸಡಿಲ ಆಗೋಕೆ ಅರ್ಧ ಗಂಟೆಗಿಂತ ಜಾಸ್ತಿ ಬೇಕು, ಓಡಾಡಿದ್ರೆ ಕಮ್ಮಿ ಮಲಗಿದ್ರೆ ಜಾಸ್ತಿ, ಆದ್ರೂ ಮನೆಯೋರು ಬೈಕ್ ಓಡ್ಸಿ ಓಡ್ಸಿ ಹಿಂಗಾಗಿದೆ ಅಂತ ವರ್ಷಗಟ್ಟಲೆ ಮಾಲೀಶ್ ಮಾಡಿಸ್ತಾ ಇರ್ತಾರೆ. ಇದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರೆ ಬೆನ್ನುಮೂಳೆ ಕೀಲುಗಳ ಉರಿಯೂತ ಇರಬಹುದು, ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟ್ರು) ಹತ್ರ ಬೇಗ ತೋರಿಸ್ಲೇಬೇಕು, ಬಿಟ್ರೆ ಕೆಲವರಿಗೆ ಬೆನ್ನುಮೂಳೆಗಳು ಒಂದಕ್ಕೊಂದು ಅಂಟ್ಕೊಂಡು ತಿರುಗೋಕೂ ಆಗಲ್ಲ.

ಅಂಗಿ ಗುಂಡಿ ಹಾಕೋಕೆ ಬೆರಳು ಬರ್ತಿಲ್ಲ, ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗ್ತಿಲ್ಲ ಅಂದ್ರೆ ಕುತ್ತಿಗೆಲಿ ಬೆನ್ನುಹುರಿ ಒತ್ತಿರಬಹುದು. ಇಂಥೋರು ಕಟಿಂಗ್ ಶಾಪಲ್ಲಿ ಕುತ್ತಿಗೆ ನಟಿಗೆ ತೆಗೆಸ್ಲೇಬಾರ್ದು.

3. ಕಾಲಿನ ಶಕ್ತಿ ನೋಡ್ಕೊಳ್ಳಿ

ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಹಿಮ್ಮಡಿ ಮೇಲೆ, ನಾಲ್ಕು ಹೆಜ್ಜೆ ತುದಿಗಾಲಲ್ಲಿ ನಡೀರಿ. ಪಾದ ಎತ್ತೋಕೇ ಆಗ್ತಿಲ್ಲ, ಅಥವಾ ತುದಿಗಾಲಲ್ಲಿ ನಿಲ್ಲೋಕಾಗ್ತಿಲ್ಲ ಅಂದ್ರೆ ನರಕ್ಕೆ ಪೆಟ್ಟಾಗಿರಬಹುದು, ಡಾಕ್ಟ್ರಿಗೆ ತೋರಿಸೋಕೆ ತಡ ಮಾಡ್ಬೇಡಿ.

4. ಏಳೋದು, ಓಡಾಡೋದು

ನೋವಿದ್ದಾಗ ಮಲಗಿದ್ದಂಗೇ ನೆಟ್ಟಗೆ ಏಳ್ಬೇಡಿ. ಮಂಡಿ ಮಡಚಿ, ಇಡೀ ಮೈ ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಕೈಯೂರಿ ಎದ್ದೇಳಿ. ರೆಸ್ಟ್ ಒಂದೆರಡು ದಿನ ಸಾಕು. ಆಮೇಲೆ ಮನೆಯೊಳಗೇ ಐದೈದು ನಿಮಿಷ ನಡೀರಿ, ದಿನಾ ಸ್ವಲ್ಪ ಜಾಸ್ತಿ ಮಾಡಿ, ಯಾಕಂದ್ರೆ ಮಲಗಿದಷ್ಟೂ ಬೆನ್ನಿನ ಸ್ನಾಯು ಸೋಲುತ್ತೆ. ಸಯಾಟಿಕಾ ಬಂದ ಹೆಚ್ಚಿನೋರಿಗೆ ಆಪರೇಷನ್ ಇಲ್ದೇನೇ 6ರಿಂದ 12 ವಾರದಲ್ಲಿ ಎಷ್ಟೋ ಕಮ್ಮಿ ಆಗುತ್ತೆ. ವ್ಯಾಯಾಮ ಮಾಡೋವಾಗ ನೋವು ಕಾಲಿಂದ ಮೇಲೆ ಸೊಂಟದ ಕಡೆಗೆ ಸರೀತಿದ್ರೆ ಒಳ್ಳೇ ಲಕ್ಷಣ, ಕೆಳಗೆ ಪಾದಕ್ಕೆ ಇಳೀತಿದ್ರೆ ಆ ವ್ಯಾಯಾಮ ನಿಲ್ಸಿ ಫಿಸಿಯೋ ಹತ್ರ ಕೇಳಿ.

5. ಭಾರ ಎತ್ತೋವಾಗ

ಕೊಡ ಆಗ್ಲಿ ಸಿಲಿಂಡರ್ ಆಗ್ಲಿ ಹತ್ರ ಹೋಗಿ ಮಂಡಿ ಬಗ್ಗಿಸಿ, ಹೊಟ್ಟೆಗೆ ಒತ್ತಿ ಹಿಡ್ದು ಎದ್ದೇಳಿ, ತಿರುಗ್ಬೇಕಂದ್ರೆ ಸೊಂಟ ತಿರುಚದೆ ಪಾದನೇ ತಿರುಗ್ಸಿ. ಸೊಂಟದ ಬೆಲ್ಟ್ ದಿನವಿಡೀ ಹಾಕ್ಕೊಳ್ಳೋದು ಬೇಡ, ಡಾಕ್ಟ್ರು ಹೇಳಿದಷ್ಟು ದಿನ ಮಾತ್ರ ಸಾಕು.