ಕ್ರೆಡಿಟ್ ಕಾರ್ಡಿನ ತಪ್ಪು ದಾಖಲೆಯಿಂದ ಸಿಬಿಲ್ ಕೆಟ್ಟಿದ್ದರೆ ಏನು ಮಾಡಬೇಕು

‘ನಿಮ್ಮ ಸಿಬಿಲ್ ಬರವಲ್ದು’ ಎಂದು ಬ್ಯಾಂಕಿನವರು ಸಾಲದ ಅರ್ಜಿ ವಾಪಸ್ ಕೊಟ್ಟರೆ ಮೊದಲು ನಿಮ್ಮ ಸಾಲ, ಕಾರ್ಡುಗಳ ಮರುಪಾವತಿಯ ಪೂರ್ತಿ ರಿಪೋರ್ಟ್ ತೆಗೆಯಿರಿ. ಬರೀ ಸ್ಕೋರ್ ನೋಡಿದರೆ ಏನೂ ತಿಳಿಯುವುದಿಲ್ಲ. ಯಾವ ಖಾತೆಯಿಂದ ಕೆಟ್ಟಿದೆ ಎಂಬುದು ಒಳಪುಟಗಳಲ್ಲಿರುತ್ತದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಅದನ್ನು ಪುಕ್ಕಟೆ ಕೊಡಬೇಕು. ನಾಲ್ಕನ್ನೂ ಇಳಿಸಿಕೊಳ್ಳಿ, ಒಂದರಲ್ಲಿರುವ ತಪ್ಪು ಇನ್ನೊಂದರಲ್ಲಿ ಇಲ್ಲದಿರಬಹುದು. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ.

ಪ್ರತಿ ಕಾರ್ಡಿನ ಕೆಳಗೆ ತಿಂಗಳಿಗೊಂದು ಚೌಕ ಇರುತ್ತದೆ. 000 ಅಥವಾ ಎಸ್‌ಟಿಡಿ ಇದ್ದರೆ ಸರಿ. 062 ಎಂದಿದ್ದರೆ 62 ದಿನ ಬಾಕಿ ಎಂದರ್ಥ. ಎಕ್ಸ್‌ಎಕ್ಸ್‌ಎಕ್ಸ್ ಇದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳಿಸಿಲ್ಲ. ಬಿಲ್ಲನ್ನು ಕೊನೆಯ ದಿನಾಂಕ ಮೀರಿ 3 ದಿನದೊಳಗೆ ತುಂಬಿದ್ದರೆ ಅದನ್ನು ಬಾಕಿ ಎಂದು ವರದಿ ಮಾಡುವಂತಿಲ್ಲ.

ಹೆಚ್ಚಾಗಿ ಕಾಡುವುದು ಮುಚ್ಚಿಸಿದ ಕಾರ್ಡು. ಫೋನಿನಲ್ಲಿ ‘ಬಂದ್ ಮಾಡ್ರಿ’ ಎಂದು ಹೇಳಿ ಸುಮ್ಮನಾದ ಮೇಲೆ ₹499 ವಾರ್ಷಿಕ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ಸೇರಿ ₹588.82 ಖಾತೆಗೆ ಬೀಳುತ್ತದೆ. ಯಾರೂ ತುಂಬುವುದಿಲ್ಲ, ಚೌಕಗಳಲ್ಲಿ 030, 060, 090 ಎಂದು ಏರುತ್ತಾ ಹೋಗುತ್ತದೆ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ ₹500 ದಂಡ ಎಂಬುದು ಆರ್‌ಬಿಐ ನಿಯಮ. ಮುಚ್ಚಲು ಕೇಳಿದ ಇಮೇಲ್ ಅಥವಾ ದೂರಿನ ಸಂಖ್ಯೆ ಇದ್ದರೆ ನಿಮ್ಮ ವಾದ ಗಟ್ಟಿ.

ಇನ್ನೊಂದು, ಹೆಸರಿನ ಗೊಂದಲ. ನಮ್ಮ ಜಿಲ್ಲೆಗಳಲ್ಲಿ ಬಸವರಾಜ ಪಾಟೀಲರು ಓಣಿಗೊಬ್ಬರು. ಪ್ಯಾನ್ ಅಥವಾ ಹುಟ್ಟಿದ ದಿನಾಂಕ ತಪ್ಪಾಗಿ ದಾಖಲಾದರೆ ಅವರ ಕಾರ್ಡು ನಿಮ್ಮ ಲೆಕ್ಕಕ್ಕೆ ಬಂದು ಕೂರುತ್ತದೆ. ವಿಳಾಸದಲ್ಲಿ 2014ಕ್ಕೆ ಮೊದಲಿನ ಬಿಜಾಪುರ, ಬೆಳಗಾಂ ಎಂದಿದ್ದರೆ ಚಿಂತೆ ಬೇಡ, ಅದರಿಂದ ಸ್ಕೋರ್ ಕೆಡುವುದಿಲ್ಲ.

‘ಸೆಟಲ್ಡ್’ ಎಂಬುದನ್ನು ಮಾತ್ರ ಹುಷಾರಾಗಿ ನೋಡಿ. ಬ್ಯಾಂಕಿನೊಂದಿಗೆ ಮಾತಾಡಿ ಕಡಿಮೆ ಹಣಕ್ಕೆ ಮುಗಿಸಿಕೊಂಡಿದ್ದರೆ ಅದು ತಪ್ಪು ದಾಖಲೆ ಆಗುವುದಿಲ್ಲ, ದೂರು ಕೊಟ್ಟರೂ ತಿರಸ್ಕಾರವಾಗುತ್ತದೆ. ಉಳಿದದ್ದನ್ನು ತುಂಬಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ‘ಕ್ಲೋಸ್ಡ್’ ಮಾಡಿಸಿಕೊಳ್ಳುವುದೇ ದಾರಿ. ಪೂರ್ತಿ ತುಂಬಿಯೂ ಹಾಗೆ ಬರೆದಿದ್ದರೆ ಖಂಡಿತ ದೂರು ಕೊಡಿ.

ದೂರನ್ನು ರಿಪೋರ್ಟ್ ಕೊಟ್ಟ ಕಂಪನಿಗೂ ಕಾರ್ಡ್ ಕೊಟ್ಟ ಬ್ಯಾಂಕಿಗೂ ಒಂದೇ ದಿನ ಕಳಿಸಿ. ಬ್ಯಾಂಕು ಒಪ್ಪದೆ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ. ಬೆಳಗಾವಿಯಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಶಾಖೆಯ ಮ್ಯಾನೇಜರ್ ಕೈಯಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ, ಕಾರ್ಡ್ ವಿಭಾಗವೇ ಬೇರೆ. ಅದರ ನೋಡಲ್ ಅಧಿಕಾರಿಗೆ (ದೂರು ನೋಡಿಕೊಳ್ಳುವವರು) ಇಮೇಲ್ ಮಾಡಿ. ಶಾಖೆಯಲ್ಲಿ ಅರ್ಜಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ‘ನನ್ನ ಸಿಬಿಲ್ ಸರಿ ಮಾಡಿ’ ಎಂದು ಬರೆದರೆ ಉಪಯೋಗವಿಲ್ಲ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ರಿಪೋರ್ಟಿನ ಕಂಟ್ರೋಲ್ ನಂಬರ್, ಯಾವ ತಿಂಗಳ ಚೌಕದಲ್ಲಿ ಏನಿದೆ, ಏನಿರಬೇಕಿತ್ತು ಎಂದು ಬರೆಯಿರಿ. ಆ ತಿಂಗಳ ಸ್ಟೇಟ್‌ಮೆಂಟ್, ಹಣ ತುಂಬಿದ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಜೋಡಿಸಿ. ತಿದ್ದುವುದು ತಡವಾದರೆ ಸಿಗುವ ಪರಿಹಾರ ಜಮಾ ಆಗಲು ನಿಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರವನ್ನೂ ಕೊಡಿ.

ಬ್ಯಾಂಕಿಗೆ 21 ದಿನ, ಒಟ್ಟು 30 ದಿನದ ಗಡುವು. 30 ದಾಟಿದರೆ ದಿನಕ್ಕೆ ₹100 ಪರಿಹಾರ. 45ನೇ ದಿನ ಸರಿಯಾದರೆ ₹1,500. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಆದರೂ ಕೇಳುವವರು ಕಡಿಮೆ. ದಯವಿಟ್ಟು ಕೇಳಿ, ಅದು ನಿಮ್ಮ ಹಕ್ಕಿನ ಹಣ. ಅಷ್ಟಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಆರ್‌ಬಿಐನ ದೂರಿನ ಜಾಲತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ. ಶುಲ್ಕವಿಲ್ಲ, ಮಾಹಿತಿಗೆ 14448. ‘ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ’ ಎನ್ನುವ ಏಜೆಂಟರಿಗೆ ಒಟಿಪಿ ಕೊಡಬೇಡಿ. ಅವರು ಮಾಡಬಹುದಾದದ್ದೆಲ್ಲ ಇಷ್ಟೇ.

ದೂರು ನಡೆಯುತ್ತಿರುವಾಗಲೇ ಹೊಸ ಲೆಕ್ಕ ಕಟ್ಟುತ್ತಾ ಹೋಗಿ. ಊರಿನ ಎಷ್ಟೋ ಪತ್ತಿನ ಸಂಘಗಳ ಸಾಲ ಈ ರಿಪೋರ್ಟುಗಳಲ್ಲಿ ಕಾಣುವುದೇ ಇಲ್ಲ, ಅಲ್ಲಿ ಎಷ್ಟು ಸರಿಯಾಗಿ ಕಟ್ಟಿದರೂ ಸ್ಕೋರಿಗೆ ಸೇರುವುದಿಲ್ಲ. ಠೇವಣಿ ಇಟ್ಟು ಪಡೆಯುವ ಕಾರ್ಡು ಉತ್ತಮ. ₹16,000 ಮಿತಿ ಇದ್ದರೆ ₹4,800ರ ಒಳಗೆ ಬಳಸಿ, ಪೂರ್ತಿ ಬಿಲ್ ತುಂಬಿ, ಕನಿಷ್ಠ ಮೊತ್ತಕ್ಕೆ ನಿಲ್ಲಬೇಡಿ. ನಾಲ್ಕಾರು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ, ಪ್ರತಿ ವಿಚಾರಣೆಯೂ ದಾಖಲಾಗುತ್ತದೆ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಈ ಕಂಪನಿಗಳಿಗೆ ಮಾಹಿತಿ ಕಳಿಸಬೇಕು. ‘ಸರಿಪಡಿಸಿದ್ದೇವೆ’ ಎಂಬ ಪತ್ರ ಬಂದರೂ ಒಂದೆರಡು ಸುತ್ತು ಕಾದು, ತಪ್ಪಿದ್ದ ಪ್ರತಿ ಕಂಪನಿಯ ರಿಪೋರ್ಟಿನಲ್ಲೂ ಆ ಚೌಕ ಬದಲಾಗಿದೆಯೇ ನೋಡಿ, ಆಮೇಲೆ ಸಾಲಕ್ಕೆ ಅರ್ಜಿ ಹಾಕಿ.