ನಾಗಾನೋದಲ್ಲಿ ಮೇಷ್ಟ್ರಾಗಿದ್ದಾಗ ಬಿಯರ್ ರುಚಿ ಕಲಿತ ಬಗೆ

ಜಪಾನಿನ ಬಿಯರೆಲ್ಲ ಒಂದೇ ಥರ, ತೆಳು, ಬರೀ ತಣ್ಣಗಿರುತ್ತೆ ಅಷ್ಟೇ ಅನ್ನೋ ಮಾತನ್ನು ಅಲ್ಲಿಗೆ ಕೆಲಸಕ್ಕೆ ಬಂದ ಹೊರದೇಶದವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ನಾಗಾನೋ ಪ್ರಾಂತ್ಯದ ಉತ್ತರ ಭಾಗದ ಒಂದು ಸಣ್ಣ ಊರಿನ ಶಾಲೆಯಲ್ಲಿ ನಾನು ಇಂಗ್ಲಿಷ್ ಸಹಾಯಕ ಶಿಕ್ಷಕನಾಗಿದ್ದೆ. ಅಲ್ಲಿದ್ದಷ್ಟು ಕಾಲ ಬಿಯರನ್ನು ಪಾಠದಂತೆ ಕೂತು ಕಲಿತೆ. ಒಂದೇ ಸಂಜೆ ಜಗ್ಗುಗಟ್ಟಲೆ ಕುಡಿದವರಿಗೆ ಎಲ್ಲವೂ ಒಂದೇ ಅನಿಸುವುದು ಸಹಜ. ಸ್ವಲ್ಪವೇ ಸುರಿದುಕೊಂಡು, ಎರಡನ್ನು ಪಕ್ಕಪಕ್ಕ ಇಟ್ಟು, ಕ್ಯಾನಿನ ಹಿಂದಿನ ಬರಹ ಓದಿ ಕುಡಿದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಗುಣ ಇರುವುದು ಗೊತ್ತಾಗುತ್ತದೆ.

ಮೊದಲು ಮಾಡಿದ ಕೆಲಸ ಲೇಬಲ್ ಓದುವುದನ್ನು ಕಲಿತದ್ದು. ಸೂಪರ್ ಮಾರ್ಕೆಟ್‌ನ ಬಿಯರ್ ಸಾಲಿನಲ್ಲಿ ನಿಂತರೆ ಕ್ಯಾನುಗಳೆಲ್ಲ ನೋಡಲು ಒಂದೇ ರೀತಿ. ಬೆಲೆಯಲ್ಲಿ ಮಾತ್ರ ದೊಡ್ಡ ಅಂತರ. ಅದಕ್ಕೆ ಕಾರಣ ತೆರಿಗೆ. ಜಪಾನಿನಲ್ಲಿ ಬಿಯರಿನ ತೆರಿಗೆ ಅದರಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಎಷ್ಟಿದೆ ಅನ್ನುವುದರ ಮೇಲೆ ನಿಂತಿತ್ತು. 2018ರವರೆಗೆ ಮಾಲ್ಟ್ ಶೇಕಡಾ 67ಕ್ಕಿಂತ ಕಡಿಮೆಯಾದರೆ ಕಾನೂನಿನ ಕಣ್ಣಿನಲ್ಲಿ ಅದು ಬಿಯರ್ ಆಗಿರಲಿಲ್ಲ, ‘ಹಪ್ಪೋಷು’. 1994ರಲ್ಲಿ ಸಂಟೋರಿ ಕಂಪನಿ ಈ ದಾರಿ ಹಿಡಿದು ಅಗ್ಗದ ಹಪ್ಪೋಷು ತಂದಿತು, ಉಳಿದವರು ಹಿಂಬಾಲಿಸಿದರು. ಸರ್ಕಾರ ಅದರ ಮೇಲೂ ತೆರಿಗೆ ಏರಿಸಿದಾಗ ಮಾಲ್ಟನ್ನೇ ಬಿಟ್ಟು ಮಾಡುವ ಮೂರನೇ ಬಗೆ ಹುಟ್ಟಿತು. ಸಪ್ಪೊರೊ ಕಂಪನಿಯ ‘ಡ್ರಾಫ್ಟ್ ಒನ್’ ಅಂತೂ ಬಟಾಣಿಯ ಪ್ರೋಟೀನಿನಿಂದ ಮಾಡಿದ್ದು. ನಾನು ಹೋದ ಹೊಸದರಲ್ಲಿ 350 ಮಿಲಿ ಬಿಯರಿಗೆ 77 ಯೆನ್ ತೆರಿಗೆ ಇತ್ತು, ಮೂರನೇ ಬಗೆಗೆ 28 ಯೆನ್. ಆಮೇಲೆ 2020ರಲ್ಲಿ, 2023ರಲ್ಲಿ ಈ ಅಂತರವನ್ನು ಕಡಿಮೆ ಮಾಡಿದರು. 2026ರ ಅಕ್ಟೋಬರಿನಿಂದ ಎಲ್ಲಕ್ಕೂ ಒಂದೇ ದರ, 54.25 ಯೆನ್, ಎಂದು ಕಾನೂನು ಮಾಡಿಟ್ಟಿದ್ದಾರೆ.

ಹಾಗಂತ ಹಪ್ಪೋಷು ಅಂದ ಕೂಡಲೇ ಕಳಪೆ ಅಂತ ತೀರ್ಮಾನಿಸಬಾರದು. ನಮ್ಮ ನಾಗಾನೋದ ಯೋಹೋ ಬ್ರೂಯಿಂಗ್‌ನವರ ‘ಸುಇಯೋಬಿ ನೋ ನೆಕೋ’ ಕ್ಯಾನಿನ ಮೇಲೂ ಹಪ್ಪೋಷು ಎಂದೇ ಇರುತ್ತಿತ್ತು. ಕಾರಣ ಮಾಲ್ಟಿನ ಕೊರತೆಯಲ್ಲ, ಅದಕ್ಕೆ ಹಾಕುವ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ. ಹಳೆಯ ಕಾನೂನು ಇವನ್ನು ಬಿಯರಿನ ಪದಾರ್ಥ ಎಂದು ಒಪ್ಪುತ್ತಿರಲಿಲ್ಲ. 2018ರಲ್ಲಿ ನಿಯಮ ಸಡಿಲಿಸಿ ಇಂಥ ಮಸಾಲೆಗಳನ್ನು ಅಲ್ಪ ಪ್ರಮಾಣದಲ್ಲಿ ಒಪ್ಪಿಕೊಂಡರು, ಮಾಲ್ಟಿನ ಮಿತಿಯನ್ನೂ ಶೇಕಡಾ 50ಕ್ಕೆ ಇಳಿಸಿದರು. ಬಿಯರಿನಲ್ಲಿ ಕೊತ್ತಂಬರಿ ಬೀಜದ ಘಮ ಹಿಡಿದಾಗ ನನಗಾದ ಖುಷಿಯನ್ನು ಸಾರಿನ ಪುಡಿ ಹುರಿಯುವ ಮನೆಯಲ್ಲಿ ಬೆಳೆದವರು ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ರುಚಿ ನೋಡಿದ ಕ್ರಮ. ದೊಡ್ಡ ಕಂಪನಿಗಳು 135 ಮಿಲಿಯ ಪುಟ್ಟ ಕ್ಯಾನುಗಳನ್ನೂ ಮಾರುತ್ತವೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಶುಕ್ರವಾರ ಸಂಜೆ ಅಂಥ ಎರಡು ತಂದು, ಒಂದೇ ಅಳತೆಯ ಎರಡು ಗಾಜಿನ ಲೋಟಕ್ಕೆ ಸುರಿದು ಕೂರುತ್ತಿದ್ದೆ. ಯಾರಾದರೂ ಕೇಳಿದರೆ ಮೊದಲ ಜೋಡಿಯಾಗಿ ನಾನು ಹೇಳುವುದು ಅಸಾಹಿ ಸೂಪರ್ ಡ್ರೈ ಮತ್ತು ಕಿರಿನ್ ಇಚಿಬಾನ್ ಶಿಬೊರಿ. ಎರಡರಲ್ಲೂ ಆಲ್ಕೋಹಾಲ್ ಶೇಕಡಾ 5. ಆದರೆ ಕ್ಯಾನಿನ ಹಿಂದೆ ನೋಡಿ: ಸೂಪರ್ ಡ್ರೈನಲ್ಲಿ ಮಾಲ್ಟ್, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಜೊತೆಗೆ ಅಕ್ಕಿ, ಮೆಕ್ಕೆಜೋಳ, ಪಿಷ್ಟ. ಇಚಿಬಾನ್ ಶಿಬೊರಿಯಲ್ಲಿ ಮಾಲ್ಟ್ ಮತ್ತು ಹಾಪ್ಸ್ ಮಾತ್ರ. 1987ರಲ್ಲಿ ಬಂದ ಸೂಪರ್ ಡ್ರೈ ಇಡೀ ದೇಶದ ಬಿಯರ್ ಮಾರುಕಟ್ಟೆಯನ್ನೇ ತಲೆಕೆಳಗು ಮಾಡಿತು. ಅದನ್ನು ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯುವುದಿಲ್ಲ, ಅದೇ ಅದರ ಗುರಿ. ಇಚಿಬಾನ್ ಶಿಬೊರಿಯ ಲೆಕ್ಕವೇ ಬೇರೆ. ತೆಂಗಿನಕಾಯಿಯ ಮೊದಲ ಹಾಲು, ಎರಡನೇ ಹಾಲು ಇದ್ದಂತೆ ಮಾಲ್ಟಿಗೂ ಇದೆ. ಬಿಸಿನೀರಿನಲ್ಲಿ ನೆನೆಸಿದ ಮಾಲ್ಟಿನಿಂದ ತಾನಾಗಿ ಸೋಸಿ ಬರುವುದು ಮೊದಲ ರಸ, ಮತ್ತೆ ನೀರು ಹಾಯಿಸಿ ತೆಗೆಯುವುದು ಎರಡನೆಯದು. ಸಾಮಾನ್ಯವಾಗಿ ಎರಡನ್ನೂ ಬೆರೆಸುತ್ತಾರೆ, ಇದಕ್ಕೆ ಮೊದಲನೆಯದು ಮಾತ್ರ. ಕುಡಿದಾಗ ನಾಲಿಗೆಯ ಮಧ್ಯದಲ್ಲಿ ಹಗುರಾದ ಸಿಹಿ, ಆಮೇಲೆ ನಿಧಾನಕ್ಕೆ ಕಹಿ.

ಆಮೇಲಿನ ಜೋಡಿ ಯೆಬಿಸು ಮತ್ತು ಸಪ್ಪೊರೊದ ‘ಅಕಾಬೋಶಿ’. ಯೆಬಿಸು 1890ರ ಹೆಸರು, ಅಪ್ಪಟ ಮಾಲ್ಟಿನದು. ಟೋಕಿಯೋದ ಎಬಿಸು ರೈಲು ನಿಲ್ದಾಣಕ್ಕೆ ಹೆಸರು ಬಂದಿದ್ದೇ ಈ ಬಿಯರಿನಿಂದ. ಕೆಂಪು ನಕ್ಷತ್ರದ ಅಕಾಬೋಶಿ ಬಿಸಿ ಹಾಯಿಸಿ ಕೆಡದಂತೆ ಮಾಡಿದ ಹಳೇ ಕಾಲದ ಲಾಗರ್, ಅಂದರೆ ತಂಪಿನಲ್ಲಿ ನಿಧಾನಕ್ಕೆ ಹುದುಗಿಸಿದ ಬಿಯರ್. ಈಗ ಜಪಾನಿನ ಬಹುತೇಕ ಕ್ಯಾನುಗಳ ಮೇಲೆ ‘ನಾಮಾ’ ಎಂದಿರುತ್ತದೆ, ಅಂದರೆ ಬಿಸಿ ಹಾಯಿಸದೆ ಸೂಕ್ಷ್ಮವಾಗಿ ಶೋಧಿಸಿದ್ದು. ಬಿಸಿ ಹಾಯಿಸಿದ್ದರಲ್ಲಿ ಒಂದು ಗಟ್ಟಿತನ ಇರುತ್ತದೆ, ಬ್ರೆಡ್ಡಿನ ಅಂಚಿನ ಪರಿಮಳ. ನನಗೆ ಅದೇ ಇಷ್ಟ. ಊಟದ ಜೊತೆ ಕುಡಿಯಲು ಅಕಾಬೋಶಿಗಿಂತ ಒಳ್ಳೆಯ ಬಿಯರ್ ದೊಡ್ಡ ಕಂಪನಿಗಳಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ.

ಸುರಿಯುವುದನ್ನು ನನಗೆ ಹೇಳಿಕೊಟ್ಟವರು ನಮ್ಮೂರಿನ ಒಂದು ಇಝಕಾಯಾದ, ಅಂದರೆ ಕುಡಿಯುತ್ತ ತಿನ್ನುವ ಸಣ್ಣ ಹೋಟೆಲಿನ, ಯಜಮಾನರು. ಅವರನ್ನು ಎಲ್ಲರೂ ‘ಮಾಸ್ಟರ್’ ಅಂತಲೇ ಕರೆಯುತ್ತಿದ್ದರು. ತಣ್ಣೀರಿನಲ್ಲಿ ತೊಳೆದ, ಒಂದಿಷ್ಟೂ ಎಣ್ಣೆ ಪಸೆ ಇಲ್ಲದ ಲೋಟವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು, ಒಂದು ಗೇಣು ಮೇಲಿನಿಂದ ಧಾರೆಯಾಗಿ ಬಿಟ್ಟರು. ಲೋಟದ ತುಂಬ ನೊರೆ. ಸುಮ್ಮನೆ ಕಾದರು. ನೊರೆ ಅರ್ಧಕ್ಕೆ ಇಳಿದ ಮೇಲೆ ಅಂಚಿಗೆ ತಾಗಿಸಿ ನಿಧಾನಕ್ಕೆ ಸುರಿದರು, ನೊರೆ ಲೋಟದ ಬಾಯಿಯವರೆಗೆ ಎದ್ದಿತು. ಮತ್ತೆ ಕಾದರು. ಮೂರನೇ ಸಲ ಇನ್ನೂ ಸಣ್ಣ ಧಾರೆ. ಈಗ ನೊರೆ ಲೋಟಕ್ಕಿಂತ ಒಂದು ಬೆರಳು ಮೇಲೆ ನಿಂತಿದೆ, ಚೆಲ್ಲುತ್ತಿಲ್ಲ. ಹೀಗೆ ಸುರಿದರೆ ಗ್ಯಾಸು ಕಡಿಮೆಯಾಗಿ ಬಿಯರ್ ಮೆದುವಾಗುತ್ತದೆ, ಒಗರು ನೊರೆಯಲ್ಲೇ ಉಳಿಯುತ್ತದೆ. ಪ್ರತಿ ಗುಟುಕಿಗೂ ಲೋಟದ ಒಳಗೋಡೆಯ ಮೇಲೆ ನೊರೆಯ ಒಂದೊಂದು ಬಳೆ ಉಳಿದರೆ ಲೋಟ ಶುದ್ಧವಾಗಿದೆ ಎಂದರ್ಥ. ‘ಸೆನ್ಸೇ (ಮೇಷ್ಟ್ರೇ), ಬಳೆ ಎಣಿಸಿ, ಎಷ್ಟು ಗುಟುಕಿಗೆ ಮುಗಿಸಿದ್ರಿ ಅಂತ ಗೊತ್ತಾಗುತ್ತೆ’ ಅಂದರು.

ನಾನು ಸಸ್ಯಾಹಾರಿ. ಇಝಕಾಯಾದಲ್ಲಿ ಸಸ್ಯಾಹಾರಿಗೆ ಸುಲಭ ಅಲ್ಲ, ತೋಫು ಮೇಲೂ ಒಣಮೀನಿನ ಹೆರೆಗಳನ್ನು ಉದುರಿಸಿ ಕೊಡುತ್ತಾರೆ. ‘ಕಾತ್ಸುಒಬುಶಿ ನಾಶಿ ದೆ’ (ಒಣಮೀನಿನ ಹೆರೆ ಹಾಕದೆ) ಎಂಬ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಎಡಮಾಮೆ, ಅಂದರೆ ಬೇಯಿಸಿದ ಎಳೆ ಸೋಯಾ ಕಾಯಿ, ಎಲ್ಲ ಕಡೆ ಸಿಗುತ್ತದೆ. ನಾಗಾನೋದವರದೇ ಆದ ನೊಝವಾನಾ ಅನ್ನುವ ಸೊಪ್ಪಿನ ಉಪ್ಪಿನಕಾಯಿ ಇದೆ. ಅದನ್ನು ಹಾಕುವಾಗ ಮೀನಿನ ಸಾರ ಸೇರಿಸಿದ್ದಾರಾ ಅಂತ ಒಂದು ಮಾತು ಕೇಳಿಕೊಳ್ಳಬೇಕು. ಅದರ ಉಪ್ಪು, ಹುಳಿಗೆ ಸಪ್ಪೊರೊ ಬ್ಲ್ಯಾಕ್ ಲೇಬಲ್ ಹೇಳಿ ಮಾಡಿಸಿದ ಜೋಡಿ. ಬೆಂಗಳೂರಿನಿಂದ ತಂದಿದ್ದ ಕಾಂಗ್ರೆಸ್ ಕಡಲೆಕಾಯನ್ನು ಶಿಕ್ಷಕರ ಕೊಠಡಿಯಲ್ಲಿ ಹಂಚಿದ್ದೆ. ಮುಂದಿನ ಸಲ ಊರಿಗೆ ಹೊರಟಾಗ ಹೆಚ್ಚು ತರಬೇಕೆಂದು ಗಣಿತದ ಮೇಡಂ ಮೊದಲೇ ಹೇಳಿಟ್ಟರು. ಖಾರಕ್ಕೆ ಸೂಪರ್ ಡ್ರೈ ಸರಿ. ಯೆಬಿಸು ಬೇಡ, ಅದರ ಸಿಹಿ ಖಾರದ ಜೊತೆ ಜಗಳ ಆಡುತ್ತದೆ.

ಡಿಸೆಂಬರಿನ ಬೋನೆನ್‌ಕಾಯ್, ಅಂದರೆ ವರ್ಷಕೊನೆಯ ಕೂಟದಲ್ಲಿ ಬಾಟಲಿ ಬಿಯರ್. ನಮ್ಮ ಲೋಟಕ್ಕೆ ನಾವೇ ಸುರಿದುಕೊಳ್ಳುವ ಹಾಗಿಲ್ಲ, ಪಕ್ಕದವರಿಗೆ ಸುರಿಯಬೇಕು, ಅವರು ನಮಗೆ. ಹಿರಿಯರಿಗಾದರೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು, ಲೇಬಲ್ ಮೇಲ್ಮುಖವಾಗಿ. ಸಾಕು ಅನಿಸಿದರೆ ಲೋಟವನ್ನು ತುಂಬಿದ ಹಾಗೇ ಬಿಟ್ಟರಾಯಿತು. ಕುಡಿಯದವರು ಊಲಾಂಗ್ ಚಹಾ ಹಿಡಿದು ‘ಕಂಪಾಯ್’ (ಚಿಯರ್ಸ್) ಅನ್ನುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಇಡೀ ದಿನ ಕಂಪ್ಯೂಟರಿನಿಂದ ತಲೆ ಎತ್ತದ ಉಪಪ್ರಾಂಶುಪಾಲರು ಆ ರಾತ್ರಿ ನನ್ನ ಪಕ್ಕ ಬಂದು ಕೂತು ಭಾರತದ ಬಿಯರ್ ಬಗ್ಗೆ ಕೇಳಿದರು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ವಿಷಯ ಹೇಳಿದೆ, ನಮ್ಮಲ್ಲಿ ಸ್ಟ್ರಾಂಗ್ ಬಿಯರೇ ಹೆಚ್ಚು ಓಡುತ್ತದೆ ಎಂದಾಗ ನಂಬಲಿಲ್ಲ.

ಕುಡಿದು ಗಾಡಿ ಓಡಿಸುವ ಮಾತೇ ಇಲ್ಲ. ಉಸಿರಿನ ಒಂದು ಲೀಟರಿಗೆ 0.15 ಮಿಲಿಗ್ರಾಂ ಆಲ್ಕೋಹಾಲ್ ಸಿಕ್ಕರೆ ಕೇಸು, ಪಕ್ಕದಲ್ಲಿ ಕೂತವರಿಗೂ ಶಿಕ್ಷೆ, ಕುಡಿಸಿದವರಿಗೂ ಶಿಕ್ಷೆ. 2024ರ ನವೆಂಬರಿನಿಂದ ಸೈಕಲ್ಲಿಗೂ ಇದೇ ಮಿತಿ. ಹಳ್ಳಿ ಕಡೆ ‘ದಾಯ್ಕೋ’ ಕರೆಸುತ್ತಾರೆ. ಇಬ್ಬರು ಬಂದು, ಒಬ್ಬರು ನಿಮ್ಮ ಕಾರನ್ನು ಮನೆಗೆ ಮುಟ್ಟಿಸುತ್ತಾರೆ, ಇನ್ನೊಬ್ಬರು ಅವರನ್ನು ಕರೆದೊಯ್ಯಲು ಹಿಂದೆಯೇ ಬರುತ್ತಾರೆ.

ನನ್ನ ಮಟ್ಟಿಗೆ ನಾಗಾನೋದ ನಿಜವಾದ ಸಂಪತ್ತು ಅಲ್ಲಿನ ಸಣ್ಣ ಬ್ರೂವರಿಗಳು. 1994ಕ್ಕೆ ಮುಂಚೆ ವರ್ಷಕ್ಕೆ ಕನಿಷ್ಠ 2000 ಕಿಲೋಲೀಟರ್ ಮಾಡಿದರೆ ಮಾತ್ರ ಲೈಸೆನ್ಸ್ ಸಿಗುತ್ತಿತ್ತು. ಆ ವರ್ಷ ಅದನ್ನು 60ಕ್ಕೆ ಇಳಿಸಿದ ಮೇಲೆ ಊರೂರಲ್ಲಿ ಬಿಯರ್ ಶುರುವಾಯಿತು. ಯಾಮಾನೊಉಚಿಯ ತಾಮಾಮುರಾ ಹೊನ್‌ತೆನ್ 1805ರಿಂದ ಸಾಕೆ ಎಂಬ ಅಕ್ಕಿಯ ಮದ್ಯ ಮಾಡಿಕೊಂಡು ಬಂದ ಮನೆ. 2004ರಲ್ಲಿ ‘ಶಿಗಾ ಕೋಗೆನ್’ ಬಿಯರ್ ಶುರು ಮಾಡಿದರು, ಹಾಪ್ಸ್ ಕೂಡ ತಾವೇ ಬೆಳೆಯುತ್ತಾರೆ. ಅವರ ‘ಮಿಯಾಮಾ ಬ್ಲಾಂಡ್’ಗೆ ಸಾಕೆಗೆ ಬಳಸುವ ಮಿಯಾಮಾನಿಶಿಕಿ ಅಕ್ಕಿ ಹಾಕುತ್ತಾರೆ. ಸೂಪರ್ ಡ್ರೈನಲ್ಲಿ ಅಕ್ಕಿ ರುಚಿಯನ್ನು ತೆಳು ಮಾಡಿದರೆ ಇಲ್ಲಿ ಅದೇ ಅಕ್ಕಿ ಮೆದು ಮೈ ಕೊಡುತ್ತದೆ, ಹಿಂದೆಯೇ ಹಣ್ಣಿನ ವಾಸನೆ, ಸ್ವಲ್ಪ ಮೆಣಸಿನ ಚುರುಕು. ನಾಗಾನೋ ಊರಿನಿಂದ ಯುದಾನಾಕಾ ರೈಲಿನಲ್ಲಿ ಕೊನೆಯವರೆಗೆ ಹೋಗಿ ಪಕ್ಕದ ಬಿಸಿನೀರಿನ ಬುಗ್ಗೆಗಳ ಊರಾದ ಶಿಬು ಓನ್‌ಸೆನ್‌ನಲ್ಲಿ ಉಳಿದರೆ ಒಂಬತ್ತು ಬಿಸಿನೀರಿನ ಸ್ನಾನಗೃಹಗಳ ಕೀಲಿಕೈ ಕೊಡುತ್ತಾರೆ. ಸ್ನಾನ ಮಾಡಿ, ಒಂದು ಲೋಟ ನೀರು ಕುಡಿದು, ಆಮೇಲೆ ಈ ಬಾಟಲಿ ತೆರೆಯಿರಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಬೇಡ, ಹತ್ತು ನಿಮಿಷ ಬಿಡಿ. ಏಲ್ ಜಾತಿಯ (ಬೆಚ್ಚಗಿನಲ್ಲಿ ಹುದುಗಿಸುವ) ಬಿಯರಿನ ವಾಸನೆ ತುಂಬ ಚಳಿಯಲ್ಲಿ ಮುಚ್ಚಿಕೊಂಡಿರುತ್ತದೆ.

ಸಪ್ಪೊರೊ ನಗರಕ್ಕೂ ಹೋಗಿದ್ದೆ. 1890ರಲ್ಲಿ ಸಕ್ಕರೆ ಕಾರ್ಖಾನೆಯಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ ಈಗ ಬಿಯರ್ ಮ್ಯೂಸಿಯಂ. ಜರ್ಮನಿಯಲ್ಲಿ ಬಿಯರ್ ಕಲಿತು ಬಂದ ನಕಾಗಾವಾ ಸೇಬೆಯವರ ಕೈಯಲ್ಲಿ 1876ರಲ್ಲಿ ಶುರುವಾದ ಬ್ರೂವರಿಯ ಕಥೆ ಅಲ್ಲಿದೆ. ಆ ನಗರ ಇರುವ ಹೊಕ್ಕಾಯ್ಡೊ ದ್ವೀಪ ಬಿಟ್ಟು ಹೊರಗೆ ಸಾಮಾನ್ಯವಾಗಿ ಮಾರದ ‘ಸಪ್ಪೊರೊ ಕ್ಲಾಸಿಕ್’ ಅನ್ನು ಬ್ಲ್ಯಾಕ್ ಲೇಬಲ್ ಪಕ್ಕದಲ್ಲೇ ಇಟ್ಟು ಕುಡಿಯಬಹುದು.

ಜಪಾನಿಗೆ ಕೆಲಸಕ್ಕೆ ಹೊರಟವರು ಶರತ್ಕಾಲಕ್ಕೆ ಅಲ್ಲಿರುವಂತಾದರೆ ಋತುವಿನ ಬಿಯರುಗಳನ್ನು ಬಿಡಬೇಡಿ. ಮಳೆ ಮುಗಿದು ಎಲೆ ಕೆಂಪಾಗುವ ಮುಂಚೆಯೇ ಕಿರಿನ್‌ನ ‘ಆಕಿಅಜಿ’ ಅಂಗಡಿಗೆ ಬರುತ್ತದೆ, ಶೇಕಡಾ 6, ಕೊಂಚ ದಪ್ಪ. ನವೆಂಬರಿನ ಹೊತ್ತಿಗೆ ಇವಾತೆ ಪ್ರಾಂತ್ಯದ ತೋನೋದಲ್ಲಿ ಆ ವರ್ಷ ಕೊಯ್ದು, ಒಣಗಿಸದೆ ಹೆಪ್ಪುಗಟ್ಟಿಸಿಟ್ಟ ಹಾಪ್ಸ್‌ನಿಂದ ಮಾಡಿದ ಇಚಿಬಾನ್ ಶಿಬೊರಿ ಬರುತ್ತದೆ. ಹಸಿರು ಕ್ಯಾನು. ಕಂಡ ದಿನವೇ ಎರಡು ತೆಗೆದುಕೊಳ್ಳಿ, ಒಂದನ್ನು ಮಾಮೂಲಿ ಇಚಿಬಾನ್ ಶಿಬೊರಿಯ ಪಕ್ಕ ಇಟ್ಟು ಕುಡಿಯಿರಿ, ಇನ್ನೊಂದನ್ನು ಶಾಲೆಯ ಸಹೋದ್ಯೋಗಿಗೆ ಕೊಡಿ.