ಹರಾಜಿಗೆ ಬಂದ ಪೈಲಟ್ ವಾಚು: ಬೆಲೆ ಕೂಗುವ ಮೊದಲು ಡಯಲ್ ನೋಡಿ

ಹಳೆಯ ಪೈಲಟ್ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಸೇರಿದ ಕೈಗಡಿಯಾರ) ಕಂಡರೆ ಎಲ್ಲರೂ ಮೊದಲು ಕೇಳುವುದು ‘ಓಡುತ್ತದಾ?’ ಅಂತ. ನಿಂತ ವಾಚನ್ನು ಓಡಿಸಬಹುದು. ಕೆಟ್ಟ ಡಯಲ್ಲನ್ನು ಯಾರೂ ಮೊದಲಿನಂತೆ ಮಾಡಲಾರರು.

1970ರ ದಶಕದ ಬ್ರಿಟಿಷ್ ವಾಯುಪಡೆಯ ವಾಚನ್ನೇ ತೆಗೆದುಕೊಳ್ಳಿ. ಹ್ಯಾಮಿಲ್ಟನ್, ಸಿಡಬ್ಲ್ಯುಸಿ, ಆಮೇಲೆ ನ್ಯೂಮಾರ್ಕ್, ಪ್ರೆಸಿಸ್ಟಾ. ತಯಾರಕರ ಹೆಸರು ನಾಲ್ಕಾದರೂ ಒಳಗಿನ ಯಂತ್ರ ಒಂದೇ, ಕೀಲಿ ಕೊಡುವ ವಾಲ್ಜೂ 7733.

ಮೊದಲು ಹಿಂಬದಿ. ಬಾಣದ ಗುರುತು, ವಾಯುಪಡೆಯ ಸಂಕೇತ ‘6ಬಿಬಿ’, ಸೇನೆಯ ಸರಕು ಸಂಖ್ಯೆ 924-3306, ಕೆಳಗೆ ಕ್ರಮಸಂಖ್ಯೆ ಮತ್ತು ಇಸವಿ ಇರಬೇಕು. ನೌಕಾಪಡೆಯದ್ದಾದರೆ 6ಬಿಬಿ ಬದಲು 0552. ಪಟ್ಟಿ ಸಿಕ್ಕಿಸುವ ಕಡ್ಡಿ ಬಿಚ್ಚಲು ಬರಬಾರದು. ಇಷ್ಟು ಸಾಕು.

ಇನ್ನು ಡಯಲ್. ಎಡವುವುದೆಲ್ಲ ಇಲ್ಲೇ. ವೃತ್ತದೊಳಗಿನ ‘ಟಿ’ ಎಂದರೆ ಹೊಳೆಯುವ ಬಣ್ಣದಲ್ಲಿ (ಲ್ಯೂಮ್) ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇದೆ ಎಂದರ್ಥ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕರಗಲು ಬೇಕಾದ ಕಾಲ, ಸುಮಾರು 12.3 ವರ್ಷ. 1974ರ ವಾಚಿನಲ್ಲಿ ಈಗ ಉಳಿದಿರುವುದು ಹದಿನಾರನೇ ಒಂದು ಪಾಲಿಗಿಂತ ಕಡಿಮೆ. ಹಾಗಾಗಿ ಕತ್ತಲಲ್ಲಿ ಅದು ಹೆಚ್ಚುಕಡಿಮೆ ಸತ್ತಿರಬೇಕು. ನೇರಳಾತೀತ ಟಾರ್ಚ್ ಹಿಡಿದಾಗ ಮಿಂಚಿ, ಆರಿಸಿದೊಡನೆ ಮಂಕಾದರೆ ಒಳ್ಳೆಯ ಲಕ್ಷಣ. ಐದಾರು ನಿಮಿಷ ಹಸಿರಾಗಿ ಬೆಳಗುತ್ತಲೇ ಇದ್ದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ. ಆನ್‌ಲೈನಿನ ಅಗ್ಗದ ಲ್ಯೂಮ್ ಕಿಟ್‌ಗಳು ಇಂಥ ಎಷ್ಟೋ ವಾಚುಗಳನ್ನು ಕೆಡಿಸಿವೆ.

ಆಮೇಲೆ ಭೂತಗನ್ನಡಿ ಹಿಡಿಯಿರಿ. ಅಕ್ಷರದ ಅಂಚು ಹರಡಿದೆಯೇ? ಚಿಕ್ಕ ಡಯಲ್‌ಗಳ ಗೆರೆಗಳು ಸಮ ಅಂತರದಲ್ಲಿವೆಯೇ? ನಮ್ಮಲ್ಲಿ ಡಯಲ್ಲಿಗೆ ಮತ್ತೆ ಬಣ್ಣ ಬಳಿದ ಎಚ್‌ಎಂಟಿ ಪೈಲಟ್‌ಗಳನ್ನು ನೋಡಿ ಪಳಗಿದ ಕಣ್ಣು ಇಲ್ಲೂ ಕೆಲಸಕ್ಕೆ ಬರುತ್ತದೆ. ಮುಳ್ಳಿನ ಲ್ಯೂಮ್ ಬೆಳ್ಳಗೆ, ಡಯಲ್ಲಿನದು ಕಂದು ಆಗಿದ್ದರೆ ಮುಳ್ಳು ಬದಲಾಗಿದೆ. ಸೇನೆಯ ವರ್ಕ್‌ಶಾಪಿನಲ್ಲೇ ಬದಲಾಗಿರಬಹುದು, ಬಿಟ್ಟುಬಿಡಬೇಕಿಲ್ಲ. ಬೆಲೆ ಇಳಿಸಿ ಕೂಗಿ. ಕ್ಯಾಟಲಾಗ್ ‘ರಿಸ್ಟೋರ್ ಮಾಡಿದ ಡಯಲ್’ ಎಂದರೆ ಪುಟ ತಿರುವಿ. ಕಲೆ ಬಿದ್ದ ಅಸಲಿ ಡಯಲ್ಲೇ ನನಗೆ ಮೇಲು. (ಇನ್ನೂ ಹಳೆಯ, ವಿಕಿರಣಶೀಲ ರೇಡಿಯಂ ಬಳಿದ ವಾಚನ್ನು ಮನೆಯಲ್ಲಿ ಬಿಚ್ಚಲೂ ಬೇಡಿ, ಕೆರೆಯಲೂ ಬೇಡಿ.)

ಗಾಜಿನ ಗೀರಿಗೆ ಹೆದರಬೇಡಿ, ಅದು ಅಕ್ರಿಲಿಕ್, ಉಜ್ಜಿದರೆ ಹೋಗುತ್ತದೆ. ಕೇಸನ್ನು ಮಾತ್ರ ಉಜ್ಜಿರಬಾರದು. ಗುಂಡಿಗಳನ್ನು ಕಾಯಲೆಂದೇ ಬಲಬದಿ ಅಗಲವಾಗಿದೆ. ಅದರ ಅಂಚು ಸವೆದು ದುಂಡಗಾಗಿದ್ದರೆ ಯಂತ್ರಕ್ಕೆ ಹಿಡಿದು ಪಾಲಿಶ್ ಮಾಡಿದ್ದಾರೆ.

ಕ್ರೋನೋಗ್ರಾಫ್ ಪರೀಕ್ಷೆಗೆ ವಿಡಿಯೊ ಕೇಳಿ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಸೊನ್ನೆಗೆ ತರಲಿ. ನಿಲ್ಲಿಸಿದಾಗ 30 ನಿಮಿಷದ ಪುಟ್ಟ ಮುಳ್ಳು ಹತ್ತು ಮನೆ ದಾಟಿರಬೇಕು, ಸೊನ್ನೆಗೆ ತಂದಾಗ ಸೆಕೆಂಡ್ ಮುಳ್ಳು ನೇರ 12ಕ್ಕೇ ಬಂದು ಕೂರಬೇಕು. ನೀವೇ ಕೈಯಲ್ಲಿ ಹಿಡಿದು ನೋಡುವಾಗ, ಕ್ರೋನೋಗ್ರಾಫ್ ಓಡುತ್ತಿರುವಾಗಲೇ ಸೊನ್ನೆಗೆ ತರುವ ಕೆಳಗಿನ ಗುಂಡಿ ಒತ್ತಬೇಡಿ. ಈ ಯಂತ್ರ ಅದನ್ನು ತಾಳದು.

ಕೊನೆಗೆ ಲೆಕ್ಕ. ದೊಡ್ಡ ಹರಾಜು ಸಂಸ್ಥೆಗಳಲ್ಲಿ ಕೊಳ್ಳುವವರ ಶುಲ್ಕ ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು. 2,000 ಪೌಂಡಿಗೆ ಸುತ್ತಿಗೆ ಬಿದ್ದರೆ ನೀವು ಕೊಡುವುದು ಸುಮಾರು 2,500. ಸಾಗಣೆ, ಕಸ್ಟಮ್ಸ್, ಸರ್ವಿಸ್ ಖರ್ಚು ಬೇರೆ. ನಿಮ್ಮ ಕೈಲಿರುವ ಹಣದಲ್ಲಿ ಅದನ್ನೆಲ್ಲ ಕಳೆದು ಉಳಿದ ಮೊತ್ತವನ್ನೇ ಗರಿಷ್ಠ ಕೂಗಾಗಿ ಹಿಂದಿನ ದಿನವೇ ಹರಾಜು ಸಂಸ್ಥೆಗೆ ಬರೆದುಕೊಟ್ಟುಬಿಡಿ, ಹರಾಜಿನ ಹೊತ್ತಿಗೆ ಫೋನ್ ಮುಟ್ಟಬೇಡಿ.